ಮಕ್ಕಳಿಗಾಗಿ ಹಾಡಿದರು, ಮಕ್ಕಳಿಗೆ ಮಾರಲಿಲ್ಲ

ರಫಿ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಮೊಹಮ್ಮದ್ ರಫಿ. ತಪ್ಪೇನಿಲ್ಲ, 'ಒಂದೇ ಬಳ್ಳಿಯ ಹೂಗಳು' ಚಿತ್ರಕ್ಕೆ ಕನ್ನಡದಲ್ಲೂ ಹಾಡಿ ಹೋದ ದೊಡ್ಡ ಗಾಯಕರು ಅವರು. ಆದರೆ ಕೆನಡಾದಲ್ಲೋ ಅಮೆರಿಕದಲ್ಲೋ ಬೆಳೆದ ನಿಮ್ಮ ಕಸಿನ್ ಹತ್ತಿರ ಇದೇ ಹೆಸರು ಹೇಳಿ ನೋಡಿ. ಅವರಿಗೆ ನೆನಪಾಗೋದು ಇನ್ನೊಬ್ಬ ರಫಿ. ಗಡ್ಡ ಬಿಟ್ಟು, ಗಿಟಾರ್ ಹಿಡಿದು, ಮೂರು ನಾಲ್ಕು ವರ್ಷದ ಮಕ್ಕಳ ಮುಂದೆ ಹಾಡುವ ರಫಿ ಕವೂಕಿಯನ್. ಇವತ್ತು ನಾವು ಬರೆಯುತ್ತಿರೋದು ಇವರ ಬಗ್ಗೆ.

ಎಂಜಿನಿಯರಿಂಗ್ ಕಾಲೇಜಿನ ಪತ್ರಿಕೆಯಲ್ಲಿ ನರ್ಸರಿ ಹಾಡುಗಾರನಿಗೆ ಏನು ಕೆಲಸ ಅಂತ ಕೇಳಬಹುದು. ಕೆಲಸ ಇದೆ. ಇನ್ನೆರಡು ವರ್ಷದಲ್ಲಿ ನಮ್ಮಲ್ಲಿ ಎಷ್ಟೋ ಜನ ಮಕ್ಕಳ ಕೈಗೆ ಹೋಗುವ ಆಪ್, ಗೇಮ್, ವಿಡಿಯೋ ಪ್ಲಾಟ್‌ಫಾರ್ಮ್‌ಗಳಿಗೆ ಕೋಡ್ ಬರೀತಿರ್ತೀವಿ. ಮಕ್ಕಳಿಗೆ ಏನನ್ನು ಕೊಡಬಹುದು, ಏನನ್ನು ಕೊಡಬಾರದು ಅನ್ನೋ ಪ್ರಶ್ನೆಗೆ ಒಬ್ಬ ಮನುಷ್ಯ ತನ್ನ ಇಡೀ ವೃತ್ತಿಜೀವನದ ಮೂಲಕ ಉತ್ತರ ಕೊಟ್ಟಿದ್ದರೆ, ಆ ಉತ್ತರವನ್ನು ಒಮ್ಮೆ ನೋಡೋದು ಒಳ್ಳೆಯದು ಅನ್ನೋದು ನಮ್ಮ ಅಭಿಪ್ರಾಯ.

ಮೊದಲು ಕಥೆ ಚುಟುಕಾಗಿ. ರಫಿ ಹುಟ್ಟಿದ್ದು 1948ರಲ್ಲಿ, ಈಜಿಪ್ಟಿನ ಕೈರೋದಲ್ಲಿ. ಅರ್ಮೇನಿಯನ್ ಕುಟುಂಬ. 1958ರಲ್ಲಿ ಕುಟುಂಬ ಕೆನಡಾದ ಟೊರಾಂಟೋಗೆ ಬಂತು. ಅಂದ್ರೆ ಮುಂದೆ ಲಕ್ಷಾಂತರ ಮಕ್ಕಳಿಗೆ ಇಂಗ್ಲಿಷ್ ಹಾಡು ಕಲಿಸಿದ ಇವರಿಗೆ ಇಂಗ್ಲಿಷ್ ಮನೆಮಾತೇ ಅಲ್ಲ. ಅವರಿಗೆ ಆಗಬೇಕಾಗಿದ್ದು ಜಾನಪದ ಶೈಲಿಯ ಗಾಯಕ. ಕಾಫಿಹೌಸ್‌ಗಳಲ್ಲಿ ದೊಡ್ಡವರ ಮುಂದೆ ಹಾಡುತ್ತಿದ್ದರು. ಅಲ್ಲಿ ಹೇಳಿಕೊಳ್ಳುವಂಥ ಯಶಸ್ಸು ಸಿಗಲಿಲ್ಲ.

ತಿರುವು ಬಂದಿದ್ದು ಅತ್ತೆಯಿಂದ! ಅವರ ಆಗಿನ ಪತ್ನಿ ಕಿಂಡರ್‌ಗಾರ್ಟನ್ ಟೀಚರ್, ಪತ್ನಿಯ ತಾಯಿ ನರ್ಸರಿ ಶಾಲೆಯವರು. ನಮ್ಮ ಮಕ್ಕಳಿಗೆ ಒಂದಿಷ್ಟು ಹಾಡು ಬಾ ಅಂತ ಅತ್ತೆ ಕರೆದರು. ಹೋಗಿ ಹಾಡಿದರು, ಮಕ್ಕಳು ಬಿಡಲಿಲ್ಲ. ಆಮೇಲೆ ಮಕ್ಕಳ ಹಾಡುಗಳನ್ನು ಒಂದೊಂದಾಗಿ ಕಲಿತರು. ಮಕ್ಕಳ ಮನಸ್ಸು ಹೇಗೆ ಓಡುತ್ತೆ ಅಂತ ಟೀಚರ್‌ಗಳಿಂದಲೇ ತಿಳಿದುಕೊಂಡರು. 1976ರಲ್ಲಿ 'ಸಿಂಗಬಲ್ ಸಾಂಗ್ಸ್ ಫಾರ್ ದ ವೆರಿ ಯಂಗ್' ಅನ್ನೋ ಮೊದಲ ಮಕ್ಕಳ ಆಲ್ಬಮ್ ಬಂತು. ರೆಕಾರ್ಡ್ ಆಗಿದ್ದು ದೊಡ್ಡ ಸ್ಟುಡಿಯೋದಲ್ಲಲ್ಲ, ಡೇನಿಯಲ್ ಲನ್ವಾ ಅನ್ನೋ ಯುವಕನ ಮನೆಯ ನೆಲಮಾಳಿಗೆಯಲ್ಲಿ. ಅದೇ ಲನ್ವಾ ಮುಂದೆ ಯು2 ಬ್ಯಾಂಡ್‌ನ 'ದ ಜೋಶುವಾ ಟ್ರೀ' ಆಲ್ಬಮ್‌ನ ನಿರ್ಮಾಪಕರಲ್ಲಿ ಒಬ್ಬರಾದರು. ಹಾಸ್ಟೆಲ್ ರೂಮಲ್ಲಿ ಕಂಬಳಿ ಕಟ್ಟಿ ರೆಕಾರ್ಡಿಂಗ್ ಮಾಡೋ ನಮ್ಮ ಮ್ಯೂಸಿಕ್ ಟೀಮ್‌ನವರು ಇದನ್ನ ಓದಿ ಖುಷಿಪಡಲಿ.

1980ರಲ್ಲಿ 'ಬೇಬಿ ಬೆಲೂಗ' ಬಂತು. ಬೆಲೂಗ ಅಂದ್ರೆ ಉತ್ತರ ಧ್ರುವದ ಕಡೆಯ ತಣ್ಣನೆ ಸಮುದ್ರಗಳಲ್ಲಿರುವ ಬಿಳಿ ತಿಮಿಂಗಿಲ. ವ್ಯಾಂಕೂವರ್ ಅಕ್ವೇರಿಯಮ್‌ನಲ್ಲಿ ಕವ್ನಾ ಅನ್ನೋ ಬೆಲೂಗವನ್ನ ನೋಡಿದ್ದೇ ಆ ಹಾಡಿಗೆ ಕಾರಣ. ಗಮನಿಸಿ, ಅವರು ನೋಡಿದ್ದು ತೊಟ್ಟಿಯೊಳಗಿನ ತಿಮಿಂಗಿಲವನ್ನ, ಆದರೆ ಹಾಡಿನ ಮರಿ ಇರೋದು ಕಡಲಿನಲ್ಲಿ, ಸ್ವತಂತ್ರವಾಗಿ, ತಾಯಿಯ ಜೊತೆ. ಆ ಹಾಡು ಒಂದು ಇಡೀ ತಲೆಮಾರಿನ ಬಾಲ್ಯವಾಯಿತು. ಆ ಹಾಡು ಕೇಳಿ ಬೆಳೆದು ಈಗ ಅಪ್ಪ ಅಮ್ಮ ಆದವರನ್ನ ರಫಿ 'ಬೆಲೂಗ ಪದವೀಧರರು' ಅಂತಲೇ ಕರೀತಾರೆ. 1983ರಲ್ಲಿ ಅವರಿಗೆ ಆರ್ಡರ್ ಆಫ್ ಕೆನಡಾ ಗೌರವ ಸಿಕ್ಕಿತು.

ಇಲ್ಲಿಯವರೆಗೆ ಇದು ಯಾವುದೇ ಜನಪ್ರಿಯ ಕಲಾವಿದನ ಕಥೆ. ನಮಗೆ ಮುಖ್ಯ ಅನ್ನಿಸಿದ್ದು ಅವರು ಏನೇನು ಬೇಡ ಅಂದರು ಅನ್ನೋದು.

ತಮ್ಮ ಹೆಸರನ್ನಾಗಲಿ, ಹಾಡನ್ನಾಗಲಿ ಯಾವ ವಸ್ತುವಿನ ಜಾಹೀರಾತಿಗೂ ಕೊಡಲಿಲ್ಲ. ಸಣ್ಣ ಮಕ್ಕಳು ನಂಬುವ ಮುಖ ಅದು. ಆ ಮುಖ ಹಾಕಿದ್ರೆ ಬಿಸ್ಕತ್ತೋ ಆಟಿಕೆಯೋ ಎಷ್ಟು ಮಾರಾಟ ಆಗ್ತಿತ್ತು ಅಂತ ಯೋಚನೆ ಮಾಡಿ. ದೊಡ್ಡ ಸ್ಟೇಡಿಯಂಗಳ ಬದಲು ಚಿಕ್ಕ ಸಭಾಂಗಣಗಳನ್ನೇ ಆರಿಸಿಕೊಂಡರು. ಕಾರಣ ಸರಳ: ದೂರದಲ್ಲಿ ಕೂತ ಪುಟ್ಟ ಮಗುವಿಗೆ ವೇದಿಕೆ ಮೇಲಿನ ಮನುಷ್ಯ ಇರುವೆಯಷ್ಟು ಕಾಣ್ತಾನೆ, ಅದರಿಂದ ಮಗುವಿಗೆ ಏನು ಸಂತೋಷ? 'ಶ್ರೆಕ್' ಚಿತ್ರದ ನಿರ್ಮಾಪಕರ ಕಡೆಯಿಂದ 'ಬೇಬಿ ಬೆಲೂಗ'ವನ್ನ ಸಿನಿಮಾ ಮಾಡುವ ಪ್ರಸ್ತಾಪ ಬಂದಾಗಲೂ ಬೇಡ ಅಂದರು. ಆ ಯೋಜನೆಗೆ ಹಣ ಬರಬೇಕಾಗಿದ್ದು ಮಕ್ಕಳಿಗೇ ನೇರವಾಗಿ ಮಾಡುವ ಮಾರ್ಕೆಟಿಂಗ್‌ನಿಂದ, ಅದೇ ಕಾರಣ. 1990ರ ಸುಮಾರಿಗೆ ಅಮೆರಿಕದಲ್ಲಿ ಸಿಡಿಗಳನ್ನ ಉದ್ದನೆಯ ರಟ್ಟಿನ ಡಬ್ಬದಲ್ಲಿಟ್ಟು ಮಾರುತ್ತಿದ್ದರು. ಮನೆಗೆ ಹೋದ ತಕ್ಷಣ ಆ ಡಬ್ಬ ಕಸದ ಬುಟ್ಟಿಗೆ. ಅದರ ವಿರುದ್ಧ ದನಿ ಎತ್ತಿದ ಕಲಾವಿದರಲ್ಲಿ ರಫಿಯೂ ಒಬ್ಬರು. ಪರಿಸರದ ಹಾಡು ಹಾಡಿ ಕಸ ಮಾರೋದು ಹೇಗೆ ಸರಿ?

ಜಾಹೀರಾತಿನ ವಿಷಯದಲ್ಲಿ ಇಷ್ಟು ಹಠ ಯಾಕೆ? ಇದು ಬರೀ ಭಾವನೆಯ ಮಾತಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ, ಅಂದ್ರೆ ಎಪಿಎ, 2004ರಲ್ಲಿ ಒಂದು ವರದಿ ಕೊಟ್ಟಿತು. ಅದರ ಸಾರ ಇಷ್ಟು: ಸುಮಾರು 8 ವರ್ಷದೊಳಗಿನ ಮಕ್ಕಳಿಗೆ ಜಾಹೀರಾತಿನ ಹಿಂದಿನ ಉದ್ದೇಶ ಗೊತ್ತಾಗೋದಿಲ್ಲ, ಹೇಳಿದ್ದನ್ನ ನಿಜ ಅಂತಲೇ ತಗೋತಾರೆ. ನಾವು ಆಡ್ ಬಂದ್ರೆ ಸ್ಕಿಪ್ ಬಟನ್ ಹುಡುಕ್ತೀವಿ. ಮಗುವಿಗೆ ಅದು ಆಡ್ ಅಂತಲೇ ಗೊತ್ತಿಲ್ಲ. ಒಂದು ಕಡೆ ಡೇಟಾ, ಮನಶ್ಶಾಸ್ತ್ರ, ಬಜೆಟ್ ಎಲ್ಲ ಇರುವ ಕಂಪನಿ. ಇನ್ನೊಂದು ಕಡೆ ಐದು ವರ್ಷದ ಮಗು. ಇದು ಸಮಬಲದ ವ್ಯವಹಾರ ಅಲ್ಲವೇ ಅಲ್ಲ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ 13 ವರ್ಷದೊಳಗಿನ ಮಕ್ಕಳನ್ನ ಗುರಿ ಮಾಡಿದ ವ್ಯಾಪಾರಿ ಜಾಹೀರಾತನ್ನ ಕಾನೂನೇ ನಿಷೇಧಿಸಿದೆ. ಅದು ಜಾರಿಗೆ ಬಂದಿದ್ದು ಬೆಲೂಗ ಹಾಡು ಬಂದ ವರ್ಷವೇ, 1980ರಲ್ಲಿ. ಒಂದು ಆಟಿಕೆ ಕಂಪನಿ ಕೋರ್ಟಿಗೆ ಹೋಯಿತು. 1989ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಕಾನೂನನ್ನೇ ಎತ್ತಿ ಹಿಡಿಯಿತು.

ಈಗ ನಮ್ಮ ಕಡೆ ಬರೋಣ. ಬೆಂಗಳೂರಿನ ಯಾವ ಹೋಟೆಲಿಗೆ ಬೇಕಾದ್ರೂ ಹೋಗಿ. ಪಕ್ಕದ ಟೇಬಲ್ಲಿನಲ್ಲಿ ಒಂದು ಮಗು ಇದ್ದರೆ, ಮುಂದೆ ಇಡ್ಲಿ, ನೀರಿನ ಲೋಟಕ್ಕೆ ಆನಿಸಿಟ್ಟ ಫೋನು, ಅದರಲ್ಲಿ ಬಣ್ಣಬಣ್ಣದ ಹಾಡು. ಒಂದು ಮುಗಿಯೋ ಮೊದಲೇ ಇನ್ನೊಂದು ಶುರು. ಆ ತಾಯಿತಂದೆಯರನ್ನ ಬೈಯೋದು ನಮ್ಮ ಉದ್ದೇಶ ಅಲ್ಲ. ಕೆಲಸ ಮುಗಿಸಿ, ಟ್ರಾಫಿಕ್‌ನಲ್ಲಿ ಬೆಂದು ಬಂದವರಿಗೆ ಹತ್ತು ನಿಮಿಷ ನೆಮ್ಮದಿ ಬೇಕು. ನಾವು ಕೇಳ್ತಿರೋದು ಬೇರೆ ಪ್ರಶ್ನೆ: ಆ ಮುಂದಿನ ವಿಡಿಯೋ ತಾನಾಗೇ ಶುರುವಾಗಲಿ ಅಂತ ತೀರ್ಮಾನ ಮಾಡಿದ್ದು ಯಾರು? ಮಗು ಅಲ್ಲ, ಅಮ್ಮನೂ ಅಲ್ಲ. ಎಲ್ಲೋ ಒಂದು ಆಫೀಸಿನಲ್ಲಿ ನಮ್ಮಂಥವರೇ ಒಬ್ಬ ಎಂಜಿನಿಯರ್ ಅದನ್ನ ಡಿಫಾಲ್ಟ್ ಆಗಿ ಆನ್ ಮಾಡಿದ್ದಾರೆ.

ರಫಿಯ ಹಾಡು ಮುಗಿಯುತ್ತೆ. ಮುಗಿದ ಮೇಲೆ ಮಗು ಅದನ್ನೇ ತಾನು ಹಾಡಿಕೊಂಡು ಮನೆಯೆಲ್ಲಾ ಓಡಾಡುತ್ತೆ, ಪದ ಬದಲಾಯಿಸುತ್ತೆ, ಅಜ್ಜಿಗೆ ಕಲಿಸುತ್ತೆ. ಮೊದಲ ಆಲ್ಬಮ್‌ನ ಹೆಸರಲ್ಲೇ ಅದು ಇದೆ: ಹಾಡಬಹುದಾದ ಹಾಡುಗಳು. ಬರೀ ನೋಡ್ತಾ ಕೂರೋ ಹಾಡುಗಳಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಇಲ್ಲಿ ಯಶಸ್ಸಿನ ಮೆಟ್ರಿಕ್ ಮಗು ಎಷ್ಟು ಹೊತ್ತು ಸ್ಕ್ರೀನ್ ಮುಂದಿತ್ತು ಅನ್ನೋದಲ್ಲ, ಸ್ಕ್ರೀನ್ ಆಫ್ ಆದಮೇಲೆ ಏನು ಮಾಡಿತು ಅನ್ನೋದು. ಈ ಮೆಟ್ರಿಕ್ ಯಾವ ಡ್ಯಾಶ್‌ಬೋರ್ಡಿನಲ್ಲೂ ಕಾಣೋದಿಲ್ಲ, ಸಮಸ್ಯೆ ಇರೋದೇ ಅಲ್ಲಿ.

ಇದಕ್ಕೆ ನಮ್ಮ ಕ್ಲಾಸಿನಲ್ಲೇ ಬಂದ ಆಕ್ಷೇಪಗಳು ಮೂರು.

ಮೊದಲನೆಯದು, ರಫಿ ಏನು ಸನ್ಯಾಸಿಯೇ? ಆಲ್ಬಮ್ ಮಾರಿದರು, ಟಿಕೆಟ್ ಮಾರಿದರು, ದುಡ್ಡು ಮಾಡಿದರು. ಹೌದು, ಮಾಡಿದರು. ಕಲಾವಿದ ಉಪವಾಸ ಇರಬೇಕು ಅಂತ ಯಾರೂ ಹೇಳ್ತಿಲ್ಲ. ಆದರೆ ಅವರು ಮಾರಿದ್ದು ದೊಡ್ಡವರಿಗೆ. ಅಪ್ಪ ಅಮ್ಮ ಬೆಲೆ ನೋಡಿ, ಯೋಚಿಸಿ, ಬೇಕಿದ್ದರೆ ಕೊಂಡರು. ಮಗುವಿನ ಹಠವನ್ನೇ ಸೇಲ್ಸ್‌ಮ್ಯಾನ್ ಮಾಡಿಕೊಳ್ಳಲಿಲ್ಲ. ಈ ಎರಡರ ನಡುವಿನ ಗೆರೆ ತೆಳ್ಳಗಿರಬಹುದು, ಆದರೆ ಇದೆ.

ಎರಡನೆಯದು, ಹೆಸರು ಮಾಡಿದವರಿಗೆ ಬೇಡ ಅನ್ನೋದು ಸುಲಭ, ಎಜುಕೇಶನ್ ಲೋನ್ ತಲೆ ಮೇಲಿರೋ ಫ್ರೆಷರ್‌ಗೆ ಸಾಧ್ಯವೇ? ಈ ಮಾತಿನಲ್ಲಿ ಸತ್ಯ ಇದೆ, ತಳ್ಳಿಹಾಕೋಕಾಗಲ್ಲ. ಸಿಕ್ಕಿದ ಆಫರ್ ಬಿಟ್ಟುಬಿಡಿ ಅಂತ ಯಾರಿಗೂ ಹೇಳೋ ಹಕ್ಕು ನಮಗಿಲ್ಲ. ಆದರೆ ಒಂದು ಪ್ರಾಡಕ್ಟಿನೊಳಗೆ ದಿನಾ ನೂರು ಸಣ್ಣ ತೀರ್ಮಾನಗಳು ಆಗ್ತವೆ. ಡಿಫಾಲ್ಟ್ ಆನ್ ಇರಬೇಕಾ, ಆಫ್ ಇರಬೇಕಾ? ನೋಟಿಫಿಕೇಶನ್ ರಾತ್ರಿ ಒಂಬತ್ತಕ್ಕೆ ಹೋಗಬೇಕಾ? ಮೀಟಿಂಗಿನಲ್ಲಿ ಕೈ ಎತ್ತಿ "ಇದನ್ನ ಬಳಸೋದು ಆರು ವರ್ಷದ ಮಗು, ಬೇಕಾ ಇದು?" ಅಂತ ಕೇಳೋದಕ್ಕೆ ಕೆಲಸ ಬಿಡಬೇಕಾಗಿಲ್ಲ.

ಮೂರನೆಯದು, ನಾವು ಮಾಡದಿದ್ರೆ ಇನ್ನೊಬ್ಬರು ಮಾಡ್ತಾರೆ. ಮಾಡಲಿ. ಈ ವಾದದಿಂದ ಯಾವ ಕೆಲಸವನ್ನ ಬೇಕಾದ್ರೂ ಸಮರ್ಥಿಸಬಹುದು, ಆದ್ದರಿಂದ ಇದು ವಾದವೇ ಅಲ್ಲ.

ರಫಿ ಟೆಕ್ನಾಲಜಿಯ ವಿರೋಧಿ ಅಂತಲೂ ಅಂದುಕೊಳ್ಳಬೇಡಿ. 2013ರಲ್ಲಿ ಅವರು 'ಲೈಟ್‌ವೆಬ್ ಡಾರ್ಕ್‌ವೆಬ್' ಅನ್ನೋ ಪುಸ್ತಕ ಬರೆದರು. ಅದಕ್ಕೆ ಒಂದು ವರ್ಷ ಮೊದಲು, ಅವರದೇ ಬ್ರಿಟಿಷ್ ಕೊಲಂಬಿಯ ಪ್ರಾಂತ್ಯದಲ್ಲಿ, ಆನ್‌ಲೈನ್ ಕಿರುಕುಳಕ್ಕೆ ಸಿಲುಕಿದ 15 ವರ್ಷದ ಹುಡುಗಿಯೊಬ್ಬಳು ಪ್ರಾಣ ಕಳೆದುಕೊಂಡಿದ್ದಳು. ಇಂಟರ್‌ನೆಟ್‌ಗೆ ಬೆಳಕಿನ ಮುಖವೂ ಇದೆ, ಕತ್ತಲಿನ ಮುಖವೂ ಇದೆ, ಮಕ್ಕಳ ಸುರಕ್ಷತೆಯನ್ನ ಕಟ್ಟುವಾಗಲೇ ಯೋಚಿಸಿ ಅನ್ನೋದು ಅವರ ನಿಲುವು. ಅಂದ್ರೆ ಆ ಮಾತು ಕೊನೆಗೆ ಬಂದು ನಿಲ್ಲೋದು ಎಂಜಿನಿಯರ್‌ಗಳ ಮೇಜಿಗೆ.

ನಮ್ಮ ದೇಶದ ಕಾನೂನೂ ಈ ದಾರಿಯಲ್ಲೇ ಹೆಜ್ಜೆ ಇಟ್ಟಿದೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್ ಓದಿ. 18 ವರ್ಷದೊಳಗಿನವರ ಡೇಟಾ ಬಳಸಬೇಕಾದರೆ ಪೋಷಕರ ಒಪ್ಪಿಗೆ ಬೇಕು. ಮಕ್ಕಳನ್ನ ಟ್ರ್ಯಾಕ್ ಮಾಡೋದು, ಅವರ ವರ್ತನೆ ಗಮನಿಸೋದು, ಅವರನ್ನೇ ಗುರಿ ಮಾಡಿ ಜಾಹೀರಾತು ತೋರಿಸೋದು ಸಲ್ಲದು. ವಿನಾಯಿತಿಗಳಿಗೂ ಜಾಗ ಇದೆ. ನಮ್ಮ ಸಿಲಬಸ್ಸಿನಲ್ಲಿ ಇದು ಒಂದು ಲ್ಯಾಬ್ ಎಕ್ಸರ್‌ಸೈಜ್ ಆಗಿಯಾದ್ರೂ ಬರಬೇಕು ಅನ್ನೋದು ನಮ್ಮ ಆಸೆ. ಡೇಟಾಬೇಸ್ ಲ್ಯಾಬಿನಲ್ಲಿ ಅದೇ ಹಳೇ ಲೈಬ್ರರಿ ಮ್ಯಾನೇಜ್‌ಮೆಂಟ್ ಮಾಡೋ ಬದಲು, ಮಗುವಿನ ಯಾವ ಮಾಹಿತಿಯನ್ನೂ ಇಟ್ಟುಕೊಳ್ಳದೆ ನಡೆಯೋ ಒಂದು ಆಪ್ ಡಿಸೈನ್ ಮಾಡಿ ಅಂತ ಕೊಟ್ಟರೆ ಎಷ್ಟು ಮಜಾ ಇರುತ್ತೆ!

ಇದನ್ನೆಲ್ಲ ಈಗ ಬರೆಯೋದಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮ ಸಂಘದಲ್ಲೇ ಪುಟ್ಟ ಮಕ್ಕಳಿಗೆ ಕನ್ನಡ ಹಾಡಿನ ಆಪ್ ಒಂದನ್ನ ಮಿನಿ ಪ್ರಾಜೆಕ್ಟ್ ಆಗಿ ಮಾಡೋ ಮಾತು ನಡೀತಿದೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮ್ಮಲ್ಲಿ ಅನೇಕರಿಗೆ ರಾಜರತ್ನಂ ಅವರ 'ನಾಯಿಮರಿ' ಬಿಟ್ಟರೆ ಬೇರೆ ಮಕ್ಕಳ ಪದ್ಯ ನೆನಪಿಲ್ಲ. ಹಾಗಾಗಿ ಈ ಆಪ್ ಬೇಕು ಅನ್ನೋದ್ರಲ್ಲಿ ಎಲ್ಲರೂ ಒಂದೇ. ಆದರೆ ಹೇಗಿರಬೇಕು ಅನ್ನೋದ್ರಲ್ಲಿ ಎರಡು ಪಕ್ಷ. ಒಂದು ಪಕ್ಷಕ್ಕೆ ಸ್ಟ್ರೀಕ್, ಕಾಯಿನ್, ಲೀಡರ್‌ಬೋರ್ಡ್ ಬೇಕು. ಇಲ್ಲದಿದ್ರೆ ಯಾರೂ ಎರಡನೇ ದಿನ ಓಪನ್ ಮಾಡಲ್ಲ ಅಂತಾರೆ. ಇನ್ನೊಂದು ಪಕ್ಷಕ್ಕೆ ಅದ್ಯಾವುದೂ ಬೇಡ.

ಬರೀತಿರೋ ನಾವು ಎರಡನೇ ಪಕ್ಷ. ನಮ್ಮ ಪ್ರಸ್ತಾಪ ಮೂರು ಸಾಲಿನದು. ಒಂದು, ಹಾಡು ಮುಗಿದ ಮೇಲೆ ಆಪ್ ಸುಮ್ಮನಾಗಬೇಕು, ಮುಂದಿನದು ತಾನಾಗೇ ಬರಬಾರದು. ಎರಡು, ಲಾಗಿನ್ ಇಲ್ಲ, ಜಾಹೀರಾತಿಲ್ಲ, ಮಗುವಿನ ಬಗ್ಗೆ ಒಂದು ಬೈಟ್ ಡೇಟಾ ಕೂಡ ಸರ್ವರ್‌ಗೆ ಹೋಗೋದಿಲ್ಲ. ಮೂರು, ಕೋಡ್ ಬರೆಯೋ ಮೊದಲು ಟೀಮಿನ ಪ್ರತಿಯೊಬ್ಬರೂ ಹತ್ತಿರದ ಒಂದು ಅಂಗನವಾಡಿಯಲ್ಲಿ ಟೀಚರ್ ಜೊತೆ ಒಂದು ದಿನ ಕೂತು ಬರಬೇಕು. ರಫಿ ಕಲಿತಿದ್ದೂ ಅಲ್ಲಿಂದಲೇ.

ಮೊದಲನೇ ಪಕ್ಷದವರ ವಾದಕ್ಕೂ ಮುಂದಿನ ಸಂಚಿಕೆಯಲ್ಲಿ ಇಷ್ಟೇ ಜಾಗ ಇಟ್ಟಿದ್ದೀವಿ. ಬರೆದು ಕಳಿಸಿ. ಪ್ರಾಜೆಕ್ಟ್ ರಿಜಿಸ್ಟ್ರೇಷನ್‌ಗೆ ಇನ್ನೂ ಟೈಮ್ ಇದೆ, ಜಗಳ ಈಗಲೇ ಆಡಿ ಮುಗಿಸೋಣ.