ಮೊದಲ ಚುಚ್ಚು ಗೊಂಬೆಗಿರಲಿ

ದರ್ಜಿ ಅಂಗಡಿಗೆ ಸೇರಿದ ಹುಡುಗನ ಕೈಗೆ ಉಸ್ತಾದರು ಮೊದಲ ದಿನವೇ ಗಿರಾಕಿಯ ಬಟ್ಟೆ ಕೊಡುವುದಿಲ್ಲ. ಹಳೇ ಪೇಪರು ಕೊಟ್ಟು ಕತ್ತರಿ ಆಡಿಸು ಅನ್ನುತ್ತಾರೆ. ಬಟ್ಟೆ ಕೆಟ್ಟರೆ ಬೇರೆ ತರಬಹುದು, ಮನುಷ್ಯನ ಮೈ ಎಲ್ಲಿಂದ ತರುವುದು? ಆದರೂ ವೈದ್ಯ ವಿದ್ಯಾರ್ಥಿಯ ಮೊದಲ ಸೂಜಿ ಬಡ ರೋಗಿಯ ತೋಳಿಗೇ ಎಂಬುದು ನಮ್ಮ ದೇಶದಲ್ಲಿ ಬಹುಕಾಲ ನಡೆದುಬಂದ ರೂಢಿ. ಸಲಾಯಿನ್ ಹಚ್ಚಲು ನರ ಸಿಗದೆ ಮೂರು ಮೂರು ಸಲ ಚುಚ್ಚಿದಾಗ "ಇನ್ನೆಷ್ಟು ಚುಚ್ಚತೀರಿ ಸಾಹೇಬ್ರ" ಎಂದು ಗೋಳಾಡುವವನು ಬಡವನೇ.

ಇದಕ್ಕೆ ಮದ್ದು ಹೊಸದಲ್ಲ. ನಾರ್ವೆ ದೇಶದ ಆಟಿಕೆ ತಯಾರಕ ಆಸ್ಮುಂಡ್ ಲೇರ್ಡಾಲ್ 1960ರಲ್ಲೇ ಉಸಿರು ಕೊಡುವುದನ್ನು ಕಲಿಸುವ ಗೊಂಬೆ ತಂದರು. ನಿಂತ ಎದೆಯನ್ನು ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಓದಿದರೆ ಈ ಲೆಕ್ಕ ತಲೆಗೆ ಬಂದೀತು, ಕೈಗೆ ಬರದು. ರಬ್ಬರ್ ತೋಳಿಗೆ ನೂರು ಸಲ ಚುಚ್ಚಿದರೂ ಅದು ಅಳುವುದಿಲ್ಲ. 2019ರಲ್ಲಿ ಜಾರಿಗೆ ಬಂದ ಎಂಬಿಬಿಎಸ್ ಪಠ್ಯಕ್ರಮವೂ ಇಂಥ ಕೈಕಸುಬಿನ ಕಲಿಕೆಗೆ ಒತ್ತು ಕೊಟ್ಟಿದೆ. ಕಾಲೇಜಿನಲ್ಲಿ ಅದಕ್ಕೆಂದೇ ಪ್ರಯೋಗಾಲಯ ಇರಬೇಕೆಂಬುದು ಈಗ ನಿಯಮ.

ಸರಿ, ಆದರೆ ತಪ್ಪಿದ್ದೆಲ್ಲಿ ಎಂದು ಗೊಂಬೆ ಹೇಳೀತೇ? ಅದಕ್ಕೆ ಗುರು ಬೇಕು. ಜಿಲ್ಲೆಯ ಅಡಚಣೆ ಇರುವುದೇ ಇಲ್ಲಿ. ಕಲಿಸುವವರು ಬೀದರಿನ ಬ್ರಿಮ್ಸ್‌ನಲ್ಲಿ. ಕಲಿತದ್ದನ್ನು ಮಾಡಿ ತೋರಿಸಬೇಕಾದ ಹೊಸ ಡಾಕ್ಟರು, ನರ್ಸುಗಳು ಭಾಲ್ಕಿಯಲ್ಲಿ, ಔರಾದಿನಲ್ಲಿ. ನಡುರಾತ್ರಿ ಹುಟ್ಟಿದ ಕೂಸು ಅಳದಿದ್ದರೆ ಒಂದು ನಿಮಿಷದೊಳಗೆ ಚೀಲ-ಮಾಸ್ಕಿನಿಂದ ಉಸಿರು ಕೊಡಬೇಕು. ಆ ಹೊತ್ತಿಗೆ ಬೀದರಿನ ಬಸ್ಸು ಹಿಡಿದು ಕೇಳಿ ಬರಲಾದೀತೇ?

ಉಪಾಯ ಜೇಬಿನಲ್ಲೇ ಇದೆ. ಗೊಂಬೆಯ ಮೇಲೆ ಮಾಡಿದ ಕೆಲಸವನ್ನು ಫೋನಿನಲ್ಲಿ ಚಿತ್ರೀಕರಿಸಿ ಗುರುವಿಗೆ ಕಳಿಸುವುದು. ಅವರು ಪಟ್ಟಿ ಹಿಡಿದು ನೋಡಿ, "ಮಾಸ್ಕಿನ ಅಂಚಲ್ಲಿ ಗಾಳಿ ಸೋರ್ತದೆ, ಗದ್ದ ಸರಿ ಹಿಡಿ" ಎಂದು ತಿದ್ದುವುದು. ಮತ್ತೆ ಮಾಡಿ ಮತ್ತೆ ಕಳಿಸುವುದು. 2000ರ ದಶಕದ ಆರಂಭದಲ್ಲೇ ಚಾಮರಾಜನಗರದ ರೋಗಿಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯದ ತಜ್ಞರು ಇಸ್ರೋ ಉಪಗ್ರಹದ ಮೂಲಕ ನೋಡಿದ ರಾಜ್ಯ ಇದು. ಅಂದು ಉಪಗ್ರಹ ಬೇಕಾಗಿತ್ತು, ಇಂದು ಫೋನು ಸಾಕು.

ನೆಟ್‌ವರ್ಕ್ ಇಲ್ಲ ಎಂಬ ನೆಪ ನಿಲ್ಲದು. ಉತ್ತರ ಮರುದಿನ ಬಂದರೂ ನಡೆದೀತು, ಗೊಂಬೆ ಕಾಯುತ್ತದೆ. ಗುರುಗಳಿಗೆ ಬಿಡುವಿಲ್ಲ ಎಂಬುದು ಮಾತ್ರ ನಿಜ. ಆದ್ದರಿಂದ ತಿದ್ದುವ ಹೊತ್ತನ್ನೂ ಡ್ಯೂಟಿ ಎಂದೇ ಲೆಕ್ಕಿಸಬೇಕು. ಭಾಲ್ಕಿ, ಔರಾದ್ ತಾಲ್ಲೂಕು ಆಸ್ಪತ್ರೆಗಳಲ್ಲಿ ಒಂದೊಂದು ತೋಳು, ಒಂದೊಂದು ಕೂಸು ಗೊಂಬೆ ರಾತ್ರಿ ಪಾಳಿಯವರ ಕೈಗೂ ಸಿಗುವಂತಿರಬೇಕು. ಚಿತ್ರ ತೆಗೆಯುವುದು ಗೊಂಬೆಯದ್ದೇ ಹೊರತು ರೋಗಿಯದ್ದಲ್ಲ. ಗೊಂಬೆಯ ಮೇಲೆ ಗೆದ್ದವರೂ ಮೊದಲ ರೋಗಿಯನ್ನು ಮುಟ್ಟುವಾಗ ಹಿರಿಯರು ಪಕ್ಕದಲ್ಲಿರಲೇಬೇಕು.

ಗೊಂಬೆ ಕೊಂಡು ಬೀಗ ಹಾಕಿಟ್ಟರೆ ಲೆಕ್ಕಪತ್ರಕ್ಕೆ ಚೆಂದ, ರೋಗಿಗೆ ಶೂನ್ಯ. ಸಂಬಂಧಪಟ್ಟವರು ಬೀಗದ ಕೈಯಿಂದಲೇ ಶುರು ಮಾಡಲಿ.