ಒಂದೇ ಕಾರ್ಡಿನಲ್ಲಿ ಇಡೀ ಮದುವೆ

ನಿಮ್ಮ ಮನೆಯ ಹಳೆಯ ಮದುವೆ ಆಲ್ಬಮ್ ನೆನಪಿದೆಯೇ? ಆಗ ಒಂದು ರೋಲಿಗೆ 36 ಫೋಟೋ. ರೋಲು ಹಾಳಾದರೆ ಹೋಗುತ್ತಿದ್ದುದೂ ಅಷ್ಟೇ.

ಭದ್ರಾವತಿಯಲ್ಲಿ ನಮ್ಮ ಬಂಧುಗಳ ಮನೆಯ ನಿಕಾಹ್. ಶಿವಮೊಗ್ಗದಿಂದ ಬಂದ ಫೋಟೋಗ್ರಾಫರ್ ಇಡೀ ದಿನದ ಚಿತ್ರಗಳನ್ನು ಒಂದೇ 64 ಜಿಬಿ ಕಾರ್ಡಿಗೆ ತುಂಬಿಸಿದ. ಮರುದಿನ ಕಾರ್ಡ್ ತೆರೆಯಲೇ ಇಲ್ಲ. ರಿಪೇರಿಯವರು ಅರ್ಧದಷ್ಟನ್ನು ಹೊರತೆಗೆದರು. ದಾದಿ ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟು ದುಆ ಮಾಡಿದ ಚಿತ್ರ ಅದರಲ್ಲಿರಲಿಲ್ಲ. ಎರಡು ತಿಂಗಳಲ್ಲಿ ದಾದಿಯೂ ತೀರಿಕೊಂಡರು. ಕಾಗದ ಕಾರ್ಖಾನೆಯಿಂದ ಹೆಸರಾದ ಊರು, ಮನೆಯಲ್ಲಿ ಅವರದೊಂದು ಪ್ರಿಂಟ್ ಕೂಡ ಇಲ್ಲ!

ಮೊದಲ ಎಸ್‌ಡಿ ಕಾರ್ಡುಗಳ ಮಿತಿ 2 ಜಿಬಿ. 2006ರಲ್ಲಿ ಬಂದ ಎಸ್‌ಡಿಎಚ್‌ಸಿಗೆ 32 ಜಿಬಿ, 2009ರ ಎಸ್‌ಡಿಎಕ್ಸ್‌ಸಿಗೆ 2 ಟಿಬಿ, 2018ರ ಎಸ್‌ಡಿಯುಸಿಗೆ 128 ಟಿಬಿ. ಐದು ಎಂಬಿಯ ಫೋಟೋಗಳಾದರೆ 64 ಜಿಬಿಯಲ್ಲೇ ಸುಮಾರು ಹನ್ನೆರಡು ಸಾವಿರ ಹಿಡಿಯುತ್ತವೆ. ಜಾಗ ಹೆಚ್ಚಿದಂತೆ ಒಂದೇ ಏಟಿಗೆ ಕಳೆದುಹೋಗುವುದೂ ಹೆಚ್ಚಿತು. ಕಾರ್ಡ್ ಟ್ರಂಕ್ ಅಲ್ಲ. ಚಿತ್ರಗಳು ಅದರೊಳಗೆ ಸೂಕ್ಷ್ಮ ವಿದ್ಯುದಾವೇಶವಾಗಿ ಉಳಿದಿರುತ್ತವೆ. ವರ್ಷಗಟ್ಟಲೆ ಬೀರುವಿನಲ್ಲಿಟ್ಟರೆ ಅದೂ ಸೋರಿಹೋಗಬಹುದು.

ಮದುವೆಗೆ ಫೋಟೋಗ್ರಾಫರನ್ನು ಗೊತ್ತು ಮಾಡುವಾಗ ಸೀರೆ, ಬಿರಿಯಾನಿಯಷ್ಟೇ ಕಾಳಜಿಯಿಂದ ಕೇಳಿ: ಕ್ಯಾಮರಾದಲ್ಲಿ ಎರಡು ಕಾರ್ಡ್ ಹಾಕಿ ಒಂದೇ ಚಿತ್ರವನ್ನು ಎರಡರಲ್ಲೂ ಉಳಿಸುತ್ತೀರಾ? ಇಲ್ಲವೆಂದರೆ, ನಿಕಾಹ್‌ಗೊಂದು, ವಲೀಮಾಕ್ಕೊಂದು ಕಾರ್ಡ್ ಇರಲಿ. ಎರಡು ಕಡೆ ನಕಲು ಮಾಡುವವರೆಗೆ ಅಳಿಸಬೇಡಿ. ಅಕಸ್ಮಾತ್ ಅಳಿಸಿದರೆ ಆ ಕಾರ್ಡಿನಲ್ಲಿ ಮತ್ತೊಂದು ಫೋಟೋ ತೆಗೆಯದೆ ಹೊರಗಿಡಿ. ಹೊಸ ಚಿತ್ರ ಹಳೆಯದರ ಮೇಲೆಯೇ ಕೂರಬಹುದು. ಮನೆಯ ಹಿರಿಯರ ನಾಲ್ಕಾರು ಚಿತ್ರಗಳನ್ನಾದರೂ ಈ ವಾರವೇ ಪ್ರಿಂಟ್ ಹಾಕಿಸಿ.