ಪದವಿಲ್ಲ ಎಂಬ ನೆಪ

ಪುಣೆಯ ಪಾಷಾಣದಲ್ಲಿರುವ ಐಸರ್‌ನ ದಿಗಂತ ಬೋರಾ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೌಶಲ್ ವರ್ಮಾ ಜೊತೆಗೂಡಿ ಸಂಶೋಧನಾ ಪ್ರಬಂಧ ಬರೆದವರು. ಇಬ್ಬರದೂ ಹಲವು ಸಂಕೀರ್ಣ ಚರಗಳ ಗಣಿತ. ಸ್ಟೆಫಾನ್ ಬರ್ಗ್‌ಮನ್ 1922ರಲ್ಲಿ ಪ್ರಕಟಿಸಿದ ‘ಬರ್ಗ್‌ಮನ್ ಕರ್ನಲ್’ ಆ ಕ್ಷೇತ್ರದ ಮುಖ್ಯ ಸಾಧನಗಳಲ್ಲೊಂದು. ಇಂಥದ್ದನ್ನು ಕನ್ನಡದಲ್ಲಿ ಬರೆಯಬಾರದೇಕೆ ಎಂದು ಕೇಳಿದರೆ ಉತ್ತರ ಸಿದ್ಧವಾಗಿಯೇ ಇರುತ್ತದೆ: ಕನ್ನಡದಲ್ಲಿ ಪದಗಳಿಲ್ಲ.

ಇದು ನೆಪ. ‘ಹೋಲೋಮಾರ್ಫಿಕ್’ ಇಂಗ್ಲಿಷ್ ಪದವೇ ಅಲ್ಲ. ಫ್ರಾನ್ಸಿನ ಬ್ರಿಯೋ ಮತ್ತು ಬುಕೆ ಗ್ರೀಕ್ ಬೇರುಗಳಿಂದ ಕಟ್ಟಿದ್ದು. ಗ್ರೀಕ್ ಬಲ್ಲವರಿಗೂ ಆ ಪದದಿಂದ ಗಣಿತ ತಿಳಿಯುವುದಿಲ್ಲ. ಯಾರಾದರೂ ಬಿಡಿಸಿ ಹೇಳಬೇಕು.

ಬಿಡಿಸಿ ಹೇಳುವುದು ಕನ್ನಡದಲ್ಲಿ ಅಸಾಧ್ಯವೇ? ಸಂಕೀರ್ಣ ಸಂಖ್ಯೆಗಳ ಒಂದು ವಲಯ. ಅದರ ಪ್ರತಿ ಬಿಂದುವಿನ ಸುತ್ತಲೂ ಘಾತ ಶ್ರೇಣಿಯಾಗಿ ಬರೆಯಬಹುದಾದ ಫಂಕ್ಷನ್ನೇ ಹೋಲೋಮಾರ್ಫಿಕ್. ಅದರ ಗಾತ್ರದ ವರ್ಗವನ್ನು ಇಡೀ ವಲಯದ ಮೇಲೆ ಅನುಕಲಿಸಿ. ಬಂದ ಮೊತ್ತ ಸೀಮಿತವಾದರೆ ಆ ಫಂಕ್ಷನ್ನಿಗೆ ಬರ್ಗ್‌ಮನ್ ಕೂಟದಲ್ಲಿ ಜಾಗ, ಅನಂತವಾದರೆ ಇಲ್ಲ. ಒಳಗೆ ಬಂದ ಪ್ರತಿ ಫಂಕ್ಷನ್ನಿನ ಬೆಲೆಯನ್ನು ಯಾವ ಬಿಂದುವಿನಲ್ಲಾದರೂ ಅನುಕಲನದಿಂದಲೇ ಹಿಂದಿರುಗಿಸುವುದು ಬರ್ಗ್‌ಮನ್ ಕರ್ನಲ್‌ನ ಕೆಲಸ.

ವಲಯ ಒಂದು ವೃತ್ತದ ಒಳಭಾಗವಾದರೆ ಎಲ್ಲ ಬಹುಪದೋಕ್ತಿಗಳಿಗೂ ಪ್ರವೇಶ. ಇಡೀ ಸಮತಲವಾದರೆ ಸೊನ್ನೆಗೆ ಮಾತ್ರ. ಒಂದೇ ಚರವಿದ್ದಾಗ ನಡುವಿನ ದಾರಿಯಿಲ್ಲ: ಕೂಟದಲ್ಲಿ ಸೊನ್ನೆಯೊಂದೇ, ಇಲ್ಲವೇ ಪರಸ್ಪರ ಸ್ವತಂತ್ರವಾದ ಫಂಕ್ಷನ್ನುಗಳು ಅನಂತ. ಎರಡು ಚರಗಳಿದ್ದರೆ ಈ ನಿಯಮ ಮುರಿಯುತ್ತದೆ. ಒಂದೇ ಬೇಕೆ, ಏಳು ಬೇಕೆ, ಸರಿಯಾಗಿ ಅಷ್ಟೇ ಸ್ವತಂತ್ರ ಫಂಕ್ಷನ್ನುಗಳಿರುವ ವಲಯಗಳನ್ನು ಯಾನ್ ವೀಗೆರಿಂಕ್ 1984ರಲ್ಲಿ ಕಟ್ಟಿ ತೋರಿಸಿದರು.

ಇಷ್ಟು ಹೇಳಲು ಹೊಸ ಪದ ಒಂದೂ ಬೇಕಾಗಲಿಲ್ಲ. ಬೇಕಾದದ್ದು ವಾಕ್ಯಗಳು. ಆದರೆ ಕನ್ನಡಪರ ಕಾಳಜಿ ವಾಕ್ಯದ ಬದಲು ಪದಕೋಶದ ಹಿಂದೆ ಬಿದ್ದಿದೆ. ಹೋಲೋಮಾರ್ಫಿಕ್‌ಗೆ ಸಂಸ್ಕೃತದ ಸಮಾಸವೊಂದನ್ನು ಹೊಸೆದು ಪಟ್ಟಿಗೆ ಸೇರಿಸಿದರೆ ಕೆಲಸ ಮುಗಿಯಿತು ಎಂಬ ಭಾವ. ಬಳಸುವ ಬರಹವೇ ಇಲ್ಲದ ಪದ ಪಟ್ಟಿಯಲ್ಲೇ ಸಾಯುತ್ತದೆ. 12ನೇ ಶತಮಾನದಲ್ಲಿ ರಾಜಾದಿತ್ಯ ಸಂಸ್ಕೃತದ ಪರಿಭಾಷೆಯನ್ನು ಎರವಲು ಪಡೆದೇ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ಬರೆದ. ಎರವಲು ಅವನಿಗೆ ಅವಮಾನವಾಗಿರಲಿಲ್ಲ.

ಇದರ ನಷ್ಟ ಭಾಷೆಯ ಮಾನದ್ದಲ್ಲ, ಮಕ್ಕಳದ್ದು. ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಗಣಿತ ಕಲಿತ ಹುಡುಗಿ ಪಿಯುಸಿಗೆ ಬಂದಾಗ ಇಂಗ್ಲಿಷ್ ಮತ್ತು ಕಠಿಣ ಗಣಿತ ಒಟ್ಟಿಗೇ ಎದುರಾಗುತ್ತವೆ. ತಡವರಿಸಿದ್ದು ಯಾವುದರಲ್ಲಿ ಎಂದು ಅವಳಿಗೇ ತಿಳಿಯದೆ ‘ನನಗೆ ಗಣಿತ ಬರಲ್ಲ’ ಎಂದು ನಂಬಿಬಿಡುತ್ತಾಳೆ. ಅವಳಿಗೆ ಬೇಕಾಗಿದ್ದು ಇಂಗ್ಲಿಷ್ ಪುಸ್ತಕದ ಪಕ್ಕದಲ್ಲಿಟ್ಟುಕೊಳ್ಳಲು ನಾಲ್ಕು ಪುಟ ಕನ್ನಡ.

ಪುಣೆಯಲ್ಲಿರಲಿ, ಬೆಂಗಳೂರಿನಲ್ಲಿರಲಿ, ಕನ್ನಡ ಬಲ್ಲ ಪ್ರತಿ ಗಣಿತಜ್ಞರೂ ತಮ್ಮ ಕ್ಷೇತ್ರದ ಒಂದೇ ಒಂದು ಪ್ರಮೇಯವನ್ನು ಅಂಥ ನಾಲ್ಕು ಪುಟಗಳಲ್ಲಿ ಬರೆಯಲಿ. ಪದಗಳು ತಾವಾಗಿ ಹಿಂದೆ ಬರುತ್ತವೆ.